ಸೀಮೆಎಣ್ಣೆಗೆ ಕೈ ಹಾಕುವ ಮೊದಲು

ಠಾಣಾ ಕುಶನೂರಿನ ಯಾವ ಓಣಿಗೆ ಹೋದರೂ ಮಾಳಿಗೆಯ ತೊಲೆಗೋ ಪತ್ರಾದ ಅಡಿಗೋ ಹಿತ್ತಲ ಬೇವಿನ ಟೊಂಗೆಗೋ ಅಂಟಿಕೊಂಡ ಒಂದು ಗೂಡು ಕಣ್ಣಿಗೆ ಬೀಳುತ್ತದೆ. ಕಂಡ ಕೂಡಲೇ ಮನೆಯವರು ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ಉದ್ದನೆಯ ಬಿದಿರಿನ ತುದಿಗೆ ಹಳೇ ಬಟ್ಟೆ ಸುತ್ತುತ್ತಾರೆ, ಸೀಮೆಎಣ್ಣೆಯಲ್ಲಿ ಅದ್ದುತ್ತಾರೆ, ಈಗೀಗ ಅದು ಸಿಗದಿದ್ದರೆ ಡೀಸೆಲ್ಲಾದರೂ ಸರಿ, ಕತ್ತಲಾಗುತ್ತಲೇ ಬೆಂಕಿ ಹಚ್ಚುತ್ತಾರೆ. ಕೂಸು ಅಂಬೆಗಾಲಿಡುವ ಮನೆ, ದನ ಕಟ್ಟಿದ ಕೊಟ್ಟಿಗೆ, ವಯಸ್ಸಾದವರು ಅಡ್ಡಾಗುವ ಪಡಸಾಲೆ. ಹೆದರಿಕೆ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಬೆಂಕಿಯಲ್ಲಿ ಬೇಯುವ ಹುಳಗಳಲ್ಲಿ ಹೆಚ್ಚಿನವು ತಾವಾಗಿ ಯಾರ ಮೈಮೇಲೂ ಬರುವಂಥವಲ್ಲ. ನಿಜವಾಗಿ ದೂರ ಇರಬೇಕಾದ ಹೆಜ್ಜೇನಿನ ಮರದಡಿಗೆ ಮಾತ್ರ ಅದೇ ಜನ ಒಲೆ ಹೂಡಿ ಹೊಗೆ ಎಬ್ಬಿಸುತ್ತಾರೆ. ಯಾರು ಯಾರೆಂದು ಗುರುತು ಹಿಡಿಯುವ ಅಭ್ಯಾಸವೇ ನಮ್ಮಲ್ಲಿ ಕಡಿಮೆಯಾಗಿದೆ ಅನ್ನುವುದು ನನ್ನ ಸಂಕಟ.

ಮೊದಲು ಕುಂಬಾರ ಹುಳವನ್ನೇ ನೋಡೋಣ. ಸಪೂರ ಸೊಂಟ, ಉದ್ದ ಕಾಲು, ಕಪ್ಪು ಮೈಮೇಲೆ ಹಳದಿ ಗುರುತು. ಕೈಪಂಪಿನ ಸುತ್ತ ಚೆಲ್ಲಿದ ನೀರಿನಲ್ಲಿ ಮಣ್ಣು ಹದವಾಗಿ ನೆಂದಿರುತ್ತದಲ್ಲ, ಅಲ್ಲಿ ಇದು ಇಳಿಯುತ್ತದೆ. ತಲೆ ಕೆಳಗೆ ಹಾಕಿ ದವಡೆಯಿಂದ ಮಣ್ಣು ಕೆರೆದು ಸಣ್ಣ ಉಂಡೆ ಕಟ್ಟಿಕೊಂಡು ನೇರ ಮನೆಯೊಳಗೆ ಬರುತ್ತದೆ. ಗೋಡೆಯ ಮೇಲೆ ಉಂಡೆ ಇಟ್ಟು ಬಳಿಯುವಾಗ ಸಣ್ಣ ದನಿಯಲ್ಲಿ ಗುಂಯ್ ಅನ್ನುತ್ತದೆ. ಮೈ ಅದುರಿಸುವುದರಿಂದ ಬರುವ ದನಿ ಅದು. ಆ ಅದುರಿಗೆ ಮಣ್ಣು ಮೆತ್ತಗಾಗಿ ಚೆನ್ನಾಗಿ ಹರಡಿಕೊಳ್ಳುತ್ತದೆ. ಒಂದು ಉಂಡೆ ಮುಗಿದ ಮೇಲೆ ಇನ್ನೊಂದಕ್ಕೆ ಹೋಗುತ್ತದೆ. ಗೂಡಿನ ಬಣ್ಣ ನೋಡಿದರೆ ಊರಿನ ನೆಲವೂ ತಿಳಿಯುತ್ತದೆ. ಬೀದರ್ ಶಹರ ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲಿದೆ, ಅಲ್ಲಿಯ ಮನೆಗಳಲ್ಲಿ ಕುಂಬಾರ ಹುಳದ ಗೂಡು ಕೆಂಪು. ಔರಾದ್, ಕಮಲನಗರದ ಕಡೆ ಇಳಿದರೆ ಎರೆಭೂಮಿ, ಕುಶನೂರಿನ ಗೋಡೆಯ ಮೇಲಿನ ಗೂಡು ಬೂದುಗಪ್ಪು.

ಕೋಣೆ ಕಟ್ಟಿದ ಮೇಲೆ ತಾಯಿಹುಳ ಬೇಟೆಗೆ ಹೋಗುತ್ತದೆ. ಒಂದು ಜಾತಿ ಜೇಡಗಳನ್ನು ತರುತ್ತದೆ, ಗಡಿಗೆಯ ಆಕಾರದ ಪುಟ್ಟ ಗೂಡು ಕಟ್ಟುವ ಇನ್ನೊಂದು ಜಾತಿ ಹಸಿರು ಕೀಡೆಗಳನ್ನು ತರುತ್ತದೆ. ಕುಟುಕಿ ಕೊಲ್ಲುವುದಿಲ್ಲ, ಕೈಕಾಲು ಆಡದಂತೆ ಮಾಡುತ್ತದೆ, ಅಷ್ಟೆ. ಸತ್ತರೆ ಕೊಳೆಯುತ್ತದೆ, ಮರಿಗೆ ತಾಜಾ ಆಹಾರ ಬೇಕು. ಕೋಣೆಯಲ್ಲಿ ಬೇಟೆಯನ್ನೂ ಒಂದು ತತ್ತಿಯನ್ನೂ ಇಟ್ಟು, ಬಾಯಿ ಮುಚ್ಚಿ ಮುದ್ರೆ ಒತ್ತಿ ಹೊರಟುಹೋಗುತ್ತದೆ. ಗೂಡಿನ ಕಾವಲಿಗೆ ನಿಲ್ಲುವುದಿಲ್ಲ. ಹೀಗೆ ಕಾವಲಿಲ್ಲದ ಗೂಡಿನ ಹುಳ ನಮ್ಮನ್ನು ಅಟ್ಟಿಸಿಕೊಂಡು ಬರುವುದೂ ಇಲ್ಲ. ಕೈಯಲ್ಲಿ ಹಿಡಿದು ಹಿಸುಕಿದರಷ್ಟೇ ಕುಟುಕೀತು.

ಮನೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿದರೆ ತೊಟ್ಟಿಲು ಕಟ್ಟುವ ಯೋಗ ಬಂತು ಎಂದು ಹಿರಿಯರು ಹೇಳುವುದುಂಟು. ಇನ್ನೂ ಆಳಕ್ಕೆ ಇಳಿದ ಮಾತು ಕೀಟ-ಭ್ರಮರ ನ್ಯಾಯ. ಭ್ರಮರ ಕೀಡೆಯನ್ನು ತಂದು ಗೂಡಿನಲ್ಲಿಟ್ಟು ಎಡೆಬಿಡದೆ ಝೇಂಕರಿಸುತ್ತದೆ, ಕೀಡೆ ಅದನ್ನೇ ಧ್ಯಾನಿಸುತ್ತ ಭ್ರಮರವೇ ಆಗಿ ಹೊರಬರುತ್ತದೆ, ಹಾಗೆಯೇ ಗುರುವಿನ ಉಪದೇಶ ಶಿಷ್ಯನನ್ನು ಗುರುವನ್ನಾಗಿಸುತ್ತದೆ ಎಂಬ ಮಾತು ಪ್ರವಚನಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಬಸವಕಲ್ಯಾಣ, ಭಾಲ್ಕಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ದೃಷ್ಟಾಂತ ಹೊಸದಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ಅದನ್ನು ಮೊದಲು ಹೇಳಿದವರು ಗೂಡಿನ ಮುಂದೆ ಕುಳಿತು ನೋಡಿದ್ದರು. ಕೀಡೆ ಒಳಗೆ ಹೋದದ್ದು ನಿಜ, ಝೇಂಕಾರ ಕೇಳಿದ್ದು ನಿಜ, ಕೆಲವು ವಾರಗಳಾದ ಮೇಲೆ ಮುದ್ರೆ ಒಡೆದು ರೆಕ್ಕೆಯ ಹುಳ ಹೊರಬಂದದ್ದೂ ನಿಜ. ಅವರ ಕಣ್ಣಿಗೆ ಬೀಳದೆ ಹೋದದ್ದು ಆ ಒಂದು ತತ್ತಿ ಮಾತ್ರ. ಅಷ್ಟು ಹೊತ್ತು ಗೋಡೆ ನೋಡುತ್ತ ಕೂಡುವ ವ್ಯವಧಾನ ಇಂದು ನಮ್ಮಲ್ಲಿ ಎಷ್ಟು ಮಂದಿಗಿದೆ?

ಇದೇ ಗೋಡೆಗೆ ಇನ್ನೊಬ್ಬ ಅತಿಥಿ ಬರುತ್ತದೆ, ಮನೆಯವರು ಅದನ್ನು ಜೇನೆಂದು ಗುರುತಿಸುವುದೇ ಅಪರೂಪ. ಮೊಳೆ ಕಿತ್ತ ತೂತು, ಸ್ವಿಚ್ ಬೋರ್ಡಿನ ಸಂದು, ಹಳೇ ಬಾಗಿಲ ಬೀಗದ ಕಿಂಡಿ, ಕುಂಬಾರ ಹುಳ ಬಿಟ್ಟುಹೋದ ಖಾಲಿ ಕೋಣೆ, ಎಲ್ಲಿ ಬೆರಳು ಹೋಗುವಷ್ಟು ಜಾಗ ಸಿಕ್ಕರೂ ಸಾಕು. ಇದು ಒಂಟಿಜೇನು. ರಾಣಿಯಿಲ್ಲ, ಸೈನ್ಯವಿಲ್ಲ, ಜೇನುತುಪ್ಪದ ದಾಸ್ತಾನಿಲ್ಲ. ಒಂದೊಂದು ತಾಯಿಯೂ ತಾನೇ ತೂತು ಹುಡುಕಿ ತಾನೇ ಸಂಸಾರ ಹೂಡುತ್ತದೆ. ಕೆಲವು ಜಾತಿ ಗುಲಾಬಿಯ ಎಲೆಯನ್ನು ದುಂಡಗೆ ಕತ್ತರಿಸಿ ತಂದು ಒಳಗೆ ಹಾಸುತ್ತವೆ, ಕೆಲವು ಮಣ್ಣಿನಲ್ಲೇ ಕೆಲಸ ಮುಗಿಸುತ್ತವೆ. ಹತ್ತಿರದಿಂದ ನೋಡಿದರೆ ಇದರ ಹೊಟ್ಟೆಯ ಕೆಳಭಾಗಕ್ಕೆ ಹಳದಿ ಹಿಟ್ಟು ಮೆತ್ತಿರುವುದು ಕಾಣುತ್ತದೆ. ತುಡುವೆಜೇನು ಪರಾಗವನ್ನು ಹಿಂಗಾಲಿಗೆ ಉಂಡೆ ಕಟ್ಟಿ ಒಯ್ದರೆ ಇದು ಹೊಟ್ಟೆಯಡಿಯ ಕೂದಲಿನಲ್ಲಿ ಹೊತ್ತು ತರುತ್ತದೆ.

ದಸರೆ ಕಳೆದು ದೀಪಾವಳಿಯ ಹೊತ್ತಿಗೆ ಆ ಹಳದಿ ಹಿಟ್ಟು ನಮ್ಮ ಕಡೆ ಬಹುಪಾಲು ತೊಗರಿ ಹೂವಿನದು. ತೊಗರಿಯ ಹೂ ಅವರೆ, ಬಟಾಣಿಯ ಹೂವಿನಂತೆ ಮುಚ್ಚಿದ ಹೂ. ಗಟ್ಟಿಯಾದ ಹುಳ ಬಂದು ಕೆಳದಳದ ಮೇಲೆ ಭಾರ ಹಾಕಿ ಕುಳಿತಾಗ ಒಳಗಿನ ಕೇಸರ ಛಕ್ಕನೆ ಮೇಲೆದ್ದು ಅದರ ಹೊಟ್ಟೆಗೆ ಹಿಟ್ಟು ಬಳಿಯುತ್ತದೆ. ನೊಣಕ್ಕೆ, ಚಿಟ್ಟೆಗೆ ಆ ತಾಕತ್ತಿಲ್ಲ. ಗೋಡೆಯ ತೂತಿನ ಒಂಟಿಜೇನು ಮತ್ತು ಹೆಜ್ಜೇನು ಈ ಕೆಲಸದಲ್ಲಿ ಪಳಗಿದವು. ತೊಗರಿ ತನ್ನಷ್ಟಕ್ಕೆ ತಾನೂ ಕಾಯಿ ಕಟ್ಟುತ್ತದೆ, ಸುಳ್ಳು ಹೇಳಬಾರದು. ಆದರೆ ಒಂದು ಗಿಡದ ಪರಾಗ ಇನ್ನೊಂದಕ್ಕೆ ದಾಟುವುದು ಈ ಹುಳಗಳಿಂದಲೇ. ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ವರ್ಷಗಟ್ಟಲೆ ದುಡಿದು ತೊಗರಿಯ ಹೈಬ್ರಿಡ್ ತಳಿ ರೂಪಿಸಿತು. ಐಸಿಪಿಎಚ್ 2671 ಎಂಬ ತಳಿ 2010ರಲ್ಲಿ ಬಿಡುಗಡೆಯಾಯಿತು. ಆ ಬೀಜ ತಯಾರಾಗುವ ಹೊಲದಲ್ಲಿ ಗಂಡು ಸಾಲಿನಿಂದ ಹೆಣ್ಣು ಸಾಲಿಗೆ ಪರಾಗ ಒಯ್ಯಲು ಮನುಷ್ಯರ ಕೈ ಬಳಸುವುದಿಲ್ಲ, ಅದನ್ನು ಪೂರ್ತಿಯಾಗಿ ಜೇನುಗಳಿಗೇ ಬಿಟ್ಟಿದ್ದಾರೆ. ಅಷ್ಟು ದೊಡ್ಡ ಸಂಸ್ಥೆ ನಂಬಿಕೊಂಡ ಕೂಲಿಯಾಳು ಕುಶನೂರಿನ ಒಂದು ಬೀಗದ ಕಿಂಡಿಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದೆ.

ಕುಸುಬಿ, ಸೂರ್ಯಕಾಂತಿ, ಗುರೆಳ್ಳಿನ ಮಾತು ಬೇರೆಯೇ ಇದೆ. ಗುರೆಳ್ಳಿಗಂತೂ ತನ್ನದೇ ಪರಾಗ ಒಗ್ಗುವುದಿಲ್ಲ, ಜೇನು ಬಾರದಿದ್ದರೆ ಕಾಳು ಜೊಳ್ಳು. ಮನೆಯಲ್ಲಿ ಗುರೆಳ್ಳು ಹಿಂಡಿ ಕುಟ್ಟುವ ಅವ್ವಂದಿರು ಈ ನಂಟನ್ನು ಒಮ್ಮೆ ನೆನೆಯಬೇಕು.

ಕಣಜದ ಹುಳಗಳಿಗೆ ಮಾತ್ರ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಕಿಟಕಿಯ ಮೇಲಿನ ಸಜ್ಜಾದ ಅಡಿ, ಪತ್ರಾ ಹೊದಿಸಿದ ಕಬ್ಬಿಣದ ಕೋನದೊಳಗೆ ತಲೆಕೆಳಗಾದ ಹೂವಿನ ಹಾಗೆ ಒಂದು ಕಾಗದದ ಗೂಡು ಜೋತಾಡುತ್ತಿರುತ್ತದೆ. ಒಣ ಕಟ್ಟಿಗೆಯ ಮೇಲ್ಪದರವನ್ನು ದವಡೆಯಿಂದ ಕೆರೆದು ಎಂಜಲಲ್ಲಿ ಅಗಿದು ಮಾಡಿದ ನಿಜವಾದ ಕಾಗದ ಅದು. ಅದರ ಮೇಲೆ ಕೆಂಗಂದು ಮೈಯ ಹತ್ತಿಪ್ಪತ್ತು ಹುಳ. ಈ ಹುಳದ ಸಂಸಾರವನ್ನು ಜಗತ್ತಿಗೆ ತಿಳಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ದಕ್ಷಿಣದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದು 2001ರಲ್ಲಿ ಅದರ ಮೇಲೆಯೇ ಒಂದು ದೊಡ್ಡ ಗ್ರಂಥ ತಂದರು, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದಿಂದ. ಒಂದೊಂದು ಹುಳದ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಯಾವಾಗ ಏನು ಮಾಡಿತು ಎಂದು ಬರೆದಿಟ್ಟುಕೊಂಡ ಕೆಲಸ ಅದು.

ಅವರು ಕಂಡದ್ದು ಕೇಳಿದರೆ ಮೈ ನವಿರೇಳುತ್ತದೆ. ಈ ಗೂಡಿನ ರಾಣಿ ಜಗಳಗಂಟಿಯಲ್ಲ, ಗೂಡಿನ ಅತ್ಯಂತ ಸಾಧು ಹುಳಗಳಲ್ಲಿ ಒಂದು. ಆಕೆಯನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರರಲ್ಲಿ ಒಂದೇ ಒಂದು ಹುಳ ಏಕಾಏಕಿ ಬಿರುಸಾಗುತ್ತದೆ, ಉಳಿದವು ಎದುರಾಡದೆ ಒಪ್ಪುತ್ತವೆ. ಅದೇ ಮುಂದಿನ ರಾಣಿ. ಹಳೇ ರಾಣಿಯನ್ನು ತಂದು ಬಿಟ್ಟರೆ ಆ ಬಿರುಸಿನ ಹುಳ ಮತ್ತೆ ತೆಪ್ಪಗೆ ಕೆಲಸಕ್ಕೆ ಹತ್ತುತ್ತದೆ. ಯಾರು ಉತ್ತರಾಧಿಕಾರಿ ಎಂಬುದು ನೋಡುವ ಮನುಷ್ಯನಿಗೆ ಮೊದಲೇ ಗೊತ್ತಾಗುವುದಿಲ್ಲ, ಆದರೆ ಆ ಹುಳಗಳಿಗೆ ಗೊತ್ತಿರುತ್ತದೆ ಎಂದು ಗದಗಕರ್ ಅವರ ತಂಡ ಗೂಡನ್ನು ಜಾಲರಿಯಿಂದ ಎರಡು ಪಾಲು ಮಾಡಿ ತೋರಿಸಿತು. ಇಷ್ಟೆಲ್ಲ ನಡೆಯುವುದು ನಮ್ಮ ಕಿಟಕಿಯ ಸಜ್ಜಾದ ಅಡಿ.

ಈ ಕಣಜಗಳೂ ತಮ್ಮ ಮರಿಗಳಿಗೆ ತರುವುದು ಕೀಡೆಗಳನ್ನೇ. ಗಡಿಗೆ ಕಟ್ಟುವ ಕಣಜಗಳು ತೊಗರಿ ಹೊಲದಿಂದ ಕಾಯಿಕೊರಕದ ಮರಿಗಳನ್ನು ಹೊತ್ತೊಯ್ಯುವುದನ್ನು ಕೃಷಿ ವಿಜ್ಞಾನಿಗಳು ದಾಖಲಿಸಿದ್ದಾರೆ. ಸಾವಿರಾರು ರೂಪಾಯಿಯ ಔಷಧ ಹೊಡೆದರೂ ಬಗ್ಗದ ಹುಳ ಅದು. ಆದ್ದರಿಂದ ಕೈಗೆ ತಾಗದ ಎತ್ತರದಲ್ಲಿ ಕಣಜದ ಗೂಡಿದ್ದರೆ ಇರಲಿ ಬಿಡಿ ಎಂಬುದು ನನ್ನ ಮಾತು. ಬಾಗಿಲ ಚೌಕಟ್ಟಿಗೆ, ಮಕ್ಕಳ ಸೈಕಲ್ಲಿಗೆ, ನೀರಿನ ನಲ್ಲಿಗೆ ಕಟ್ಟಿದರೆ ತೆಗೆಯಲೇಬೇಕು. ಆದರೆ ಗೂಡು ಲಿಂಬೆಕಾಯಿಯಷ್ಟು ಇರುವಾಗಲೇ ತೆಗೆಯಬೇಕು, ದೊಡ್ಡದಾದ ಮೇಲೆ ಅವು ಬಿಟ್ಟುಕೊಡುವುದಿಲ್ಲ. ಕಣಜದ ಮುಳ್ಳು ಚರ್ಮದಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಒಂದೇ ಹುಳ ಹತ್ತು ಸಲ ಚುಚ್ಚಬಲ್ಲದು.

ಸಣ್ಣ ಜೇನುಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೇಲಿಯ ಕಡ್ಡಿಗೆ ಅಂಗೈಯಗಲ ತಟ್ಟೆ ಕಟ್ಟುವ ಕೋಲುಜೇನು, ಇರುವೆ ಹತ್ತದಂತೆ ಕಡ್ಡಿಯ ಎರಡೂ ಬದಿಗೆ ಅಂಟು ಬಳಿದುಕೊಳ್ಳುವ ಜಾಣ ಜೇನು ಅದು. ಗೋಡೆಯ ಸಂದಿನಿಂದ ಮೇಣದ ಸಣ್ಣ ಕೊಳವೆ ಹೊರಚಾಚಿದ ನಸರುಜೇನಿಗೆ ಮುಳ್ಳೇ ಇಲ್ಲ. ಬಾಗಿಲ ತೊಲೆಗೆ ದುಂಡನೆ ತೂತು ಕೊರೆಯುವ ಕಪ್ಪು ಗುಂಗಿಹುಳ ನೋಡಲು ಭಯಂಕರ, ಸ್ವಭಾವ ಸಾಧು. ಮರ ಹಾಳಾಗುತ್ತದೆಂಬ ಚಿಂತೆಯಿದ್ದರೆ ತೊಲೆಗೆ ಬಣ್ಣ ಹಚ್ಚಿ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ನಲ್ಲಿಯ ಬುಡಕ್ಕೆ, ನೀರಿನ ಹರವಿಯ ಬಾಯಿಗೆ ಜೇನು ಮುತ್ತುವುದು ಗೂಡು ತಂಪು ಮಾಡಿಕೊಳ್ಳಲು. ಅಂಗಳದ ಮೂಲೆಯಲ್ಲಿ ಅಗಲ ತಟ್ಟೆಗೆ ನೀರು ಹಾಕಿ ನಾಲ್ಕು ಹರಳು ಇಟ್ಟರೆ ಅವು ಅಲ್ಲಿಗೆ ಹೋಗುತ್ತವೆ, ಹರವಿಯ ತಂಟೆಗೆ ಬರುವುದು ಕಡಿಮೆಯಾಗುತ್ತದೆ.

ಇನ್ನು ಹೆಜ್ಜೇನು. ಇಲ್ಲಿ ನನ್ನ ದನಿ ಬೇರೆ. ಹಳೇ ಆಲದ ಮರ, ನೀರಿನ ಎತ್ತರದ ಟ್ಯಾಂಕು, ಕೋಟೆಯ ಕಮಾನು, ಶಾಲೆಯ ಸಜ್ಜಾ, ಎತ್ತರ ಮತ್ತು ನೆರಳು ಎರಡೂ ಇರುವ ಜಾಗ ಅದಕ್ಕೆ ಬೇಕು. ಒಂದೇ ಹುಟ್ಟು, ಕೆಲವೊಮ್ಮೆ ಮೂರು ಅಡಿಗೂ ಮಿಕ್ಕಿ ಅಗಲ, ಅದನ್ನು ಮುಚ್ಚಿಕೊಂಡು ಹತ್ತಾರು ಸಾವಿರ ಹುಳ. ದೂರ ನಿಂತು ನೋಡಿದರೆ ಆ ಕಪ್ಪು ಪರದೆಯ ಮೇಲೆ ಬೆಳಕಿನ ಅಲೆಯೊಂದು ಹಾಯುವುದು ಕಾಣುತ್ತದೆ. ದೊಡ್ಡ ಕಣಜ ಬೇಟೆಗೆ ಬಂದಾಗ ಒಂದು ಹುಳ ಹಿಂಭಾಗ ಎತ್ತುತ್ತದೆ, ಪಕ್ಕದ್ದು ಎತ್ತುತ್ತದೆ, ಒಂದು ಸೆಕೆಂಡಿನೊಳಗೆ ಅಲೆ ಹುಟ್ಟಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೆ. ಕಣಜ ಹೆದರಿ ತಿರುಗುತ್ತದೆ. ಅಷ್ಟರಲ್ಲೇ ಮುಗಿದರೆ ಅದಕ್ಕೂ ಸಮಾಧಾನ, ನಮಗೂ ಸಮಾಧಾನ. ಕಲ್ಲು ಬಿತ್ತೋ, ಹೊಗೆ ಮೇಲೆದ್ದಿತೋ, ಆಗ ಕಥೆ ಬೇರೆ. ಒಂದು ಹುಳ ಕುಟುಕಿದರೆ ಅದರ ಮುಳ್ಳಿನ ಬುಡದಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ. ಅದು ಉಳಿದವಕ್ಕೆಲ್ಲ ಇಲ್ಲೇ ಕುಟುಕಿ ಎಂದು ಕೊಟ್ಟ ಸನ್ನೆ.

ಆಗ ಕೈ ಬೀಸುತ್ತ ನಿಲ್ಲಬಾರದು. ಧೋತರ, ಸೆರಗು, ಅಂಗಿ ಏನಿದೆಯೋ ಅದರಲ್ಲಿ ಮುಖ ತಲೆ ಮುಚ್ಚಿಕೊಂಡು ಒಂದೇ ಉಸಿರಿಗೆ ಓಡಿ, ಬಾಗಿಲು ಮುಚ್ಚುವ ಜಾಗ ಸೇರಬೇಕು. ಮನೆಯಾಗಲಿ ಜೀಪಾಗಲಿ. ಬಾವಿಗೆ ಹಾರಿದರೆ ಉಳಿಯಬಹುದು ಎಂಬ ನಂಬಿಕೆ ಜೀವ ತೆಗೆಯುತ್ತದೆ, ತಲೆ ಮೇಲೆತ್ತುವುದನ್ನೇ ಅವು ಕಾಯುತ್ತಿರುತ್ತವೆ. ಬಿದ್ದವರಿದ್ದರೆ ಕಂಬಳಿ ಹೊದಿಸಬೇಕು. ರಾತ್ರಿ ಟ್ಯೂಬ್‌ಲೈಟಿಗೆ ಬಂದು ನೆಲದ ಮೇಲೆ ಬೀಳುವ ಹೆಜ್ಜೇನಿಗೆ ಮಾತ್ರ ಇಷ್ಟು ಗಾಬರಿ ಬೇಡ. ಬೆಳಕಿಗೆ ದಾರಿ ತಪ್ಪಿ ಬಂದವು ಅವು. ದೀಪ ಆರಿಸಿ, ಬರಿಗಾಲಲ್ಲಿ ಓಡಾಡದಿದ್ದರೆ ಸಾಕು.

ಕುಟುಕಿದ ಜಾಗಕ್ಕೆ ಸುಣ್ಣ, ಉಳ್ಳಾಗಡ್ಡಿ, ಕಬ್ಬಿಣ ಎಂದು ಹುಡುಕುವ ಮೊದಲು ಮಾಡಬೇಕಾದದ್ದು ಒಂದಿದೆ. ಜೇನಿನ ಮುಳ್ಳಿಗೆ ಕೊಕ್ಕೆಗಳಿವೆ. ಹುಳ ಹಾರಿಹೋದರೂ ಮುಳ್ಳು ವಿಷದ ಚೀಲ ಸಮೇತ ಚರ್ಮದಲ್ಲೇ ಉಳಿದು ವಿಷ ಒತ್ತುತ್ತಿರುತ್ತದೆ. ಉಗುರಿನಿಂದ ಕೆರೆದೋ ಚಿವುಟಿಯೋ ತೆಗೆಯಿರಿ, ಹೇಗೆ ಅನ್ನುವುದಕ್ಕಿಂತ ಎಷ್ಟು ಬೇಗ ಅನ್ನುವುದೇ ಮುಖ್ಯ. ಸಾಬೂನಿನಿಂದ ತೊಳೆದು ಮಂಜುಗಡ್ಡೆ ಇಡಿ, ಬೆರಳಿಗಾದರೆ ಉಂಗುರ ಕೂಡಲೇ ಕಳಚಿ. ಕುಟುಕಿದ ಜಾಗವಷ್ಟೇ ಬಾತರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಮೈತುಂಬ ದದ್ದು ಎದ್ದರೆ, ನಾಲಿಗೆ ದಪ್ಪವಾದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ಒಂದೇ ಹುಳ ಕುಟುಕಿದ್ದರೂ ಜೀವಕ್ಕೆ ಅಪಾಯ. ಅದಕ್ಕೆ ಮದ್ದು ಅಡ್ರಿನಲಿನ್ ಸೂಜಿ, ಅದು ಆಸ್ಪತ್ರೆಯಲ್ಲೇ ಸಿಗುವುದು. 108ಕ್ಕೆ ಫೋನು ಮಾಡಿ, ಕಾಯುತ್ತ ಕೂಡದೆ ಹತ್ತಿರದ ಗಾಡಿ ಹತ್ತಿಸಿ. ನೂರಾರು ಕಡೆ ಕುಟುಕಿಸಿಕೊಂಡವರು ಆ ಹೊತ್ತಿಗೆ ಎದ್ದು ಕುಳಿತು ಮಾತಾಡಿದರೂ ಮನೆಗೆ ಕರೆತರಬಾರದು, ವಿಷ ಮರುದಿನ ಮೂತ್ರಪಿಂಡಕ್ಕೆ ಇಳಿಯಬಹುದು. ಕಬ್ಬಿನ ಹಾಲಿನ ಅಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ ಲೋಟದೊಳಗೆ ನೋಡದೆ ಕುಡಿಯಬೇಡಿ ಎಂದು ಮಕ್ಕಳಿಗೆ ಹೇಳಿಕೊಡಿ. ಗಂಟಲಿಗೆ ಕುಟುಕಿದರೆ ಬಾವು ಉಸಿರಿನ ದಾರಿಯನ್ನೇ ಮುಚ್ಚುತ್ತದೆ.

ಹೆಜ್ಜೇನು ಶಾಶ್ವತ ಒಕ್ಕಲಲ್ಲ. ಹೂವಿನ ಸುಗ್ಗಿ ಮುಗಿದರೆ ತಾನಾಗಿ ಹುಟ್ಟು ಬಿಟ್ಟು ವಲಸೆ ಹೋಗುತ್ತದೆ, ಮುಂದಿನ ವರ್ಷ ಬಹಳ ಸಲ ಅದೇ ಮರಕ್ಕೆ ಬರುತ್ತದೆ. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡಿನಂಥ ಕಡೆ ಕಟ್ಟಿದರೆ ಕಾಯಲಾಗುವುದಿಲ್ಲ, ಅನುಭವಸ್ಥ ಜೇನು ಕೀಳುವವರನ್ನು ರಾತ್ರಿ ಹೊತ್ತು ಕರೆಸಿ ತೆಗೆಸಬೇಕು. ಉಳಿದ ಕಡೆ ಒಂದು ಫಲಕ ಹಾಕಿ, ಹುಡುಗರು ಕಲ್ಲು ಬೀಸದಂತೆ ನೋಡಿಕೊಂಡರೆ ಆಯಿತು. ತೊಗರಿ ಹೂ ಬಿಟ್ಟಾಗ ಔಷಧ ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ನಡು ಮಧ್ಯಾಹ್ನ ಹೊಡೆದ ಔಷಧ ಕೀಡೆಗಿಂತ ಮೊದಲು ಜೇನನ್ನು ಕೊಲ್ಲುತ್ತದೆ.

ಎಳ್ಳು ಅಮಾವಾಸ್ಯೆ ಬಂದರೆ ಬೀದರ್ ಜಿಲ್ಲೆಯ ಊರಿಗೆ ಊರೇ ಹೊಲಕ್ಕೆ ಇಳಿಯುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಪಾಂಡವರ ಹೆಸರಿನ ಐದು ಕಲ್ಲು ಇಟ್ಟು ಪೂಜೆ ಮಾಡಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ದಿನ ಅದು. ಎಲ್ಲರಿಗೂ ದೊಡ್ಡ ಮರದ ನೆರಳೇ ಬೇಕು, ಹೊಲಗಳಲ್ಲಿ ಹೂವಿರುವ ಆ ದಿನಗಳಲ್ಲಿ ಹೆಜ್ಜೇನಿಗೂ ಅದೇ ಬೇಕು. "ಮೊದಲ್ ಮ್ಯಾಲ ನೋಡ್ರಿ, ಆಮ್ಯಾಲ ಬುತ್ತಿ ಬಿಚ್ರಿ" ಎನ್ನುವ ಮುತ್ಯಾಂದಿರು ಈಗಲೂ ಅಲ್ಲಲ್ಲಿ ಇದ್ದಾರೆ. ಈ ಸಲ ಆ ಕೆಲಸ ಮನೆಯ ಹುಡುಗರಿಗೆ ವಹಿಸಿ. ಮರವನ್ನು ಸುತ್ತಿ ಬಂದು ಹುಟ್ಟು ಇದೆಯೋ ಇಲ್ಲವೋ ಹೇಳಲಿ. ಇದ್ದರೆ ಭಜ್ಜಿ ಬಿಸಿ ಮಾಡುವ ಒಲೆ, ಊದುಬತ್ತಿ, ಪಟಾಕಿ, ಧ್ವನಿಪೆಟ್ಟಿಗೆ ಎಲ್ಲವನ್ನೂ ಗಾಳಿಯ ದಿಕ್ಕು ನೋಡಿಕೊಂಡು ಇನ್ನೊಂದು ಬದುವಿಗೆ ಒಯ್ಯಿರಿ, ದನಗಳನ್ನೂ ಅಲ್ಲಿಗೇ ಹೊಡೆದುಕೊಂಡು ಹೋಗಿ ಕಟ್ಟಿ.